ಹಿತ್ತಲಿನ ನಿಂಬೆ ಗಿಡದಲ್ಲಿ ಜೇನು ಗುಂಪು: ಯಾರನ್ನು ಕರೆಯಬೇಕು, ಏನು ಹೇಳಬೇಕು

ಅಕ್ಕ, ಮೊದಲು ಆ ಜಿರಳೆ ಸ್ಪ್ರೇ ಡಬ್ಬಿ ಒಳಗಿಟ್ಟುಬಿಡಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮನೆ, ಹಿತ್ತಲಿನ ನಿಂಬೆ ಗಿಡದಲ್ಲಿ ಎದೆಮಟ್ಟಕ್ಕೆ ತೆಂಗಿನಕಾಯಿ ಗಾತ್ರದ ಗುಂಪು, ಬೆಳಿಗ್ಗೆ ಬಂದು ಕೂತಿದೆ, ಎರಿ (ಮೇಣದ ಹಲ್ಲೆ) ಇಲ್ಲ, ಹುಳ ಸಣ್ಣದು ಅಂತ ಬರೆದಿದ್ದೀರಿ. ಇಷ್ಟು ಕೇಳಿದರೆ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಸಣ್ಣ ಜೇನು ಅಂತಲೇ ಅನಿಸುತ್ತದೆ. ಯಾವುದೋ ಮರದ ಪೊಟರೆಯಲ್ಲೋ ಹುತ್ತದಲ್ಲೋ ಇದ್ದ ಕುಟುಂಬ ಪಾಲಾಗಿದೆ. ಸಾಮಾನ್ಯವಾಗಿ ಹಳೇ ರಾಣಿ ಅರ್ಧದಷ್ಟು ಹುಳಗಳ ಜೊತೆ ಹೀಗೆ ಹೊರಬೀಳುತ್ತದೆ. ನಿಮ್ಮ ಗಿಡ ಅವಕ್ಕೆ ಮನೆಯಲ್ಲ, ತಂಗುದಾಣ ಅಷ್ಟೇ.

ಆದರೂ ಒಂದು ಸಲ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಹೆಜ್ಜೇನು ಕೂಡ ಊರಿಂದ ಊರಿಗೆ ಹೋಗುವಾಗ ಹೀಗೇ ತಗ್ಗಿನ ಮರದಲ್ಲಿ ಕೂತು ಸುಧಾರಿಸಿಕೊಳ್ಳುತ್ತದೆ. ಹೆಜ್ಜೇನಿನ ಹುಳ ಹತ್ತಿರ ಹತ್ತಿರ ಮುಕ್ಕಾಲು ಇಂಚು ಉದ್ದ. ತುಡುವೆ ಅರ್ಧ ಇಂಚೂ ಇಲ್ಲ. ನಾಲ್ಕೈದು ಮಾರು ದೂರ ನಿಂತು ಮೊಬೈಲಿನಲ್ಲಿ ಜೂಮ್ ಮಾಡಿ ನೋಡಿ. ಗುಂಪಿನ ಮೈಮೇಲೆ ಸರ್ರಂತ ಅಲೆ ಹಾಯ್ದ ಹಾಗೆ ಕಂಡರೆ ಹೆಜ್ಜೇನು ಅಂತಲೇ ತಿಳಿದು ಹಿಂದೆ ಬನ್ನಿ. ಹೆಜ್ಜೇನಾದರೆ ಯಾರೂ ಮುಟ್ಟುವುದು ಬೇಡ. ಹೊಗೆಯೂ ಬೇಡ, ಕಲ್ಲೂ ಬೇಡ. ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನೇ ಹೋಗುತ್ತದೆ. ಇಲ್ಲೊಬ್ಬರು "ರಾತ್ರಿ ಸೂಡಿ (ಪಂಜು) ಹಿಡಿದು ಓಡಿಸಿ" ಅಂದಿದ್ದಾರಲ್ಲ, ದಯವಿಟ್ಟು ಆ ಮಾತು ಕೇಳಬೇಡಿ.

ಹತ್ತಿರದಲ್ಲಿ ದನ ಕಟ್ಟಿದ್ದರೆ ಈಗಲೇ ಬಿಚ್ಚಿ ದೂರ ಕಟ್ಟಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಜೇನು ಎದ್ದರೆ ನಾವು ಓಡಿ ಬಾಗಿಲು ಹಾಕಿಕೊಳ್ಳುತ್ತೇವೆ, ಹಗ್ಗದಲ್ಲಿರುವ ದನ ಎಲ್ಲಿಗೆ ಓಡಬೇಕು? ನಾಯಿಯನ್ನೂ ಒಳಗೆ ಕಟ್ಟಿ, ಮಕ್ಕಳಿಗೆ ಹೇಳಿ.

ಪಾಲಾಗಿ ಬಂದ ತುಡುವೆ ಅಷ್ಟು ಸುಲಭಕ್ಕೆ ಕಚ್ಚುವುದಿಲ್ಲ. ಹೊರಡುವ ಮೊದಲು ಹೊಟ್ಟೆ ತುಂಬ ಜೇನುತುಪ್ಪ ಕುಡಿದಿರುತ್ತದೆ, ಕಾಯಲು ಮರಿಯೂ ಇಲ್ಲ, ಎರಿಯೂ ಇಲ್ಲ. ಆದರೆ ಎರಡು ಮೂರು ದಿನ ಅಲ್ಲೇ ನೇತಾಡಿ ಹಸಿದರೆ, ಮಳೆಗೆ ನೆನೆದರೆ ಸಿಟ್ಟು ಬರುತ್ತದೆ. ಹಾಗಾಗಿ ಫೋನ್ ಮಾಡಲು ತಡಮಾಡಬೇಡಿ. ಇನ್ನೊಂದು ಕಾರಣವೂ ಇದೆ. ಗುಂಪಿನ ಮೇಲ್ಮೈ ಗಮನಿಸಿ. ಎಲ್ಲ ಸುಮ್ಮನೆ ಕೂತಿರುವಾಗ ಅಲ್ಲೊಂದು ಇಲ್ಲೊಂದು ಹುಳ ಹಿಂಭಾಗ ಅಲ್ಲಾಡಿಸುತ್ತಾ ಸ್ವಲ್ಪ ದೂರ ನೇರ ಹೋಗಿ, ಸುತ್ತಿ ಬಂದು, ಮತ್ತೆ ಅದೇ ದಾರಿ ಹಿಡಿಯುತ್ತದೆ. ಹೊಸ ಗೂಡಿಗೆ ಜಾಗ ಹುಡುಕಿ ಬಂದವು ಅವು. ಮೊದಮೊದಲು ಒಂದೊಂದರ ಕುಣಿತ ಒಂದೊಂದು ದಿಕ್ಕಿಗೆ. ಎಲ್ಲವೂ ಒಂದೇ ದಿಕ್ಕಿಗೆ ಕುಣಿಯಲು ಶುರುಮಾಡಿದರೆ ಜಾಗ ಗೊತ್ತಾಯಿತು ಅಂತಲೇ ಲೆಕ್ಕ, ಇನ್ನೇನು ಏಳುತ್ತವೆ.

ಆ ಜಾಗ ನಿಮ್ಮ ಮನೆಯ ಗೋಡೆ ಸಂದೋ ಮೀಟರ್ ಪೆಟ್ಟಿಗೆಯೋ ಆದರೆ ತಲೆನೋವು. ಒಳಗೆ ಎರಿ ಕಟ್ಟಿದ ಮೇಲೆ ಬರೀ ಹುಳ ತೆಗೆದರೆ ಸಾಲದು, ಎರಿಯನ್ನೂ ಕಿತ್ತು ತೆಗೆಯಬೇಕು. ಇಲ್ಲದಿದ್ದರೆ ಇರುವೆ, ಮೇಣದ ಹುಳ, ವಾಸನೆ ಎಲ್ಲ ಶುರು. ಕೊಂಬೆಯಲ್ಲಿ ಇರುವಾಗ ಇಳಿಸುವುದು ಅದಕ್ಕಿಂತ ಎಷ್ಟೋ ಸುಲಭ.

ಯಾರಿಗೆ ಫೋನ್ ಮಾಡುವುದು? ಊರಲ್ಲಿ ಜೇನು ಪೆಟ್ಟಿಗೆ ಇಟ್ಟವರು ಯಾರಿದ್ದಾರೆ ಅಂತ ಮೊದಲು ಕೇಳಿ. ಸಿಗದಿದ್ದರೆ ತಾಲೂಕಿನ ತೋಟಗಾರಿಕೆ ಇಲಾಖೆಯವರನ್ನು ವಿಚಾರಿಸಿ, ಅವರಿಗೆ ಜೇನು ಸಾಕುವವರ ಪರಿಚಯ ಇರುತ್ತದೆ. ಫೋನಿನಲ್ಲಿ ಸುಮ್ನೆ "ಜೇನು ಬಂದಿದೆ" ಅನ್ನಬೇಡಿ. ಎಷ್ಟು ಎತ್ತರ, ಎಷ್ಟು ಗಾತ್ರ, ಯಾವಾಗ ಬಂತು, ಎರಿ ಇದೆಯಾ, ಏಣಿ ಬೇಕಾ, ಇಷ್ಟೂ ಹೇಳಿ. ಯಾರಾದರೂ ಔಷಧಿ ಹೊಡೆದಿದ್ದರೆ ಮುಚ್ಚಿಡಬೇಡಿ. ವಿಷ ಬಿದ್ದ ಹುಳ ತಂದು ತಮ್ಮ ಪೆಟ್ಟಿಗೆಗಳ ಪಕ್ಕ ಇಡಲು ಯಾರಿಗೂ ಇಷ್ಟವಿಲ್ಲ. ಬರುವವರಿಗೆ ಪೆಟ್ರೋಲ್ ಖರ್ಚಾದರೂ ಕೊಡಿ, ಹುಳ ಸಿಗುತ್ತದಲ್ಲ ಅಂತ ಚೌಕಾಸಿ ಬೇಡ.

ಅವರು ಪೆಟ್ಟಿಗೆ ಹಿಡಿದು ಕೊಂಬೆಯನ್ನು ಒಮ್ಮೆ ಬಲವಾಗಿ ಜಾಡಿಸುತ್ತಾರೆ. ಆಮೇಲೆ ಪೆಟ್ಟಿಗೆಯ ಬಾಗಿಲಲ್ಲಿ ಒಂದಷ್ಟು ಹುಳ ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತಾ ನಿಂತರೆ, ರಾಣಿ ಒಳಗೆ ಬಿದ್ದಿದೆ ಅಂತ ಬಹುತೇಕ ನಂಬಬಹುದು. ಮತ್ತೆ ಕೊಂಬೆಗೇ ಹೋಗಿ ಸೇರಿದರೆ ರಾಣಿ ಅಲ್ಲೇ ಉಳಿದಿದೆ, ಇನ್ನೊಮ್ಮೆ ಜಾಡಿಸಬೇಕು. ಕತ್ತಲಾಗುವವರೆಗೆ ಪೆಟ್ಟಿಗೆ ಅಲ್ಲೇ ಇರಲಿ, ಹೊರಗೆ ಹೋದವೂ ಬಂದು ಸೇರಬೇಕಲ್ವಾ.

ನೀವೇ ಸಾಕುವ ಆಸೆ ಇದ್ದರೆ ಒಂದು ಮಾತು. ಖಾಲಿ ಪೆಟ್ಟಿಗೆಯಲ್ಲಿ ತುಡುವೆ ನಿಲ್ಲುವುದು ಕಷ್ಟ. ಬಂದವರ ಹತ್ತಿರ ಮೊಟ್ಟೆ, ಮರಿ ಇರುವ ಒಂದು ಎರಿ ಕೇಳಿ ಒಳಗೆ ಇಡಿಸಿ, ಮರಿ ಇದ್ದರೆ ಬಿಟ್ಟು ಹೋಗಲು ಅಷ್ಟು ಮನಸ್ಸು ಮಾಡುವುದಿಲ್ಲ. ರಾಣಿ ಗೇಟನ್ನು (ರಾಣಿ ಹೊರಹೋಗದಂತೆ ಪೆಟ್ಟಿಗೆ ಬಾಗಿಲಿಗೆ ಹಾಕುವ ತಡೆ) ಮಾತ್ರ ಕಣ್ಣುಮುಚ್ಚಿ ಹಾಕಬೇಡಿ. ಇದು ಹಳೇ ರಾಣಿ ಹೋದ ಮೇಲೆ ಅದೇ ಕುಟುಂಬದಿಂದ ಹೊರಟ ಎರಡನೇ ಪಾಲಾಗಿದ್ದರೆ ರಾಣಿ ಹೊಸದು, ಮಿಲನಕ್ಕೆ ಹೊರಗೆ ಹಾರಲೇಬೇಕು, ಗೇಟು ಇದ್ದರೆ ಅವಳು ಒಳಗೇ ಉಳಿಯುತ್ತಾಳೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ, ಇಲ್ಲದಿದ್ದರೆ ಇರುವೆ ಬಿಡುವುದಿಲ್ಲ.

ಅಕಸ್ಮಾತ್ ಒಂದೆರಡು ಕಚ್ಚಿದರೆ ಮುಳ್ಳನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ, ತಲೆ ತಿರುಗಿದರೆ ಮನೆಮದ್ದು ಹುಡುಕದೆ ಸೀದಾ ಆಸ್ಪತ್ರೆಗೆ ಹೋಗಿ.

ಈಗ ಹುಳ ಸ್ಪಷ್ಟವಾಗಿ ಕಾಣುವ ಒಂದು ಫೋಟೊ ಇಲ್ಲಿ ಹಾಕಿ. ಸಾಗರದ ಕಡೆ ಪೆಟ್ಟಿಗೆ ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಅಕ್ಕನಿಗೆ ನೇರವಾಗಿ ಮೆಸೇಜ್ ಮಾಡಿ, ಸಂಜೆಯೊಳಗೆ ಹೋಗಿ ಬರಬಹುದು.