ಮೊದಲ ಸಲ ಭುಜ ಜಾರಿದಾಗ ಶಸ್ತ್ರಚಿಕಿತ್ಸೆ ಬೇಕೇ?
ಸರ್, ಬೀದರ್‌ನಲ್ಲಿ ಕಬಡ್ಡಿ ಆಡುವಾಗ ನಿಮ್ಮ 19 ವರ್ಷದ ಮಗನ ಭುಜದ ಕೀಲು ಮೊದಲ ಬಾರಿಗೆ ಜಾರಿದ್ದು, ಈಗಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಸ್ಲಿಂಗ್ (ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ) ಮತ್ತು ವ್ಯಾಯಾಮ ಸಾಕೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ನಾನು ಮೊದಲು ನೋಡುವುದು ವಯಸ್ಸನ್ನು. ಇಷ್ಟು ಚಿಕ್ಕ ವಯಸ್ಸಿನಲ್ಲಿ, ಮೈಗೆ ಮೈ ತಾಗುವ ಆಟವಾಡುವವರಲ್ಲಿ, ಕೀಲು ಮುಂದಕ್ಕೆ ಜಾರುವಾಗ ತೋಳೆಲುಬಿನ ತಲೆ ಕೂರುವ ಗುಳಿಯ ಅಂಚಿನಲ್ಲಿರುವ ಲೇಬ್ರಮ್ ಎಂಬ ಮೆದು ಉಂಗುರ ಸಾಮಾನ್ಯವಾಗಿ ಕಿತ್ತುಬರುವುದರಿಂದ, ಶಸ್ತ್ರಚಿಕಿತ್ಸೆಯಿಲ್ಲದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮತ್ತೆ ಜಾರುತ್ತದೆ, ಹಾಗೆ ಜಾರಿದಷ್ಟೂ ಗುಳಿಯ ಎಲುಬು ಸವೆಯುತ್ತದೆ. ನಲವತ್ತು ದಾಟಿದವರಾಗಿದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು. ಅವರಲ್ಲಿ ಮರಳಿ ಜಾರುವುದು ಕಡಿಮೆ, ಸ್ನಾಯುರಜ್ಜು ಹರಿದಿರುವ ಭಯ ಹೆಚ್ಚು.

ಎಂಆರ್‌ಐ ಮಾಡಿಸಿ. ಉಂಗುರ ಕಿತ್ತಿದ್ದು, ಹುಡುಗ ಕಬಡ್ಡಿ ಬಿಡುವವನಲ್ಲವೆಂದರೆ, ಸಣ್ಣ ರಂಧ್ರಗಳಿಂದ ಮಾಡುವ ಆರ್ತ್ರೋಸ್ಕೋಪಿ ದುರಸ್ತಿಯನ್ನೇ ಮೂಳೆತಜ್ಞರೊಡನೆ ಚರ್ಚಿಸಿ ಎನ್ನುತ್ತೇನೆ. ಆದರೆ ಅಂಗಳಕ್ಕೆ ಮರಳಲು ಸುಮಾರು ಆರು ತಿಂಗಳು ಕಾಯಬೇಕು. ಆಟ ಬಿಡಲು ಒಪ್ಪಿದರೆ ಒಂದರಿಂದ ಮೂರು ವಾರ ಸ್ಲಿಂಗ್, ಆಮೇಲೆ ತಪ್ಪದ ವ್ಯಾಯಾಮವೂ ಸರಿಯಾದ ದಾರಿಯೇ. ಎಣ್ಣೆ ಹಚ್ಚಿ ಕೈ ಎಳೆಯುವವರ ಬಳಿ ಮಾತ್ರ ದಯವಿಟ್ಟು ಕರೆದೊಯ್ಯಬೇಡಿ. ಇಂದೇ ಅವನ ತೋಳಿನ ಮೇಲ್ಭಾಗದ ಹೊರಬದಿಯನ್ನು ಹತ್ತಿಯಿಂದ ಸವರಿ ನೋಡಿ. ಸ್ಪರ್ಶ ಮಂದವಾಗಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ತಡಮಾಡದೆ ವೈದ್ಯರಿಗೆ ತಿಳಿಸಿ.