ಗಡಿ ಸುತ್ತಲು ಹೋದವರಲ್ಲಿ ಹೆಂಗಸರೆಷ್ಟು?

ಚಾಮರಾಜನಗರ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಪೋಡಿನಲ್ಲಿ (ಸೋಲಿಗ ಬುಡಕಟ್ಟಿನವರ ಊರಿನಲ್ಲಿ) ಅರಣ್ಯ ಹಕ್ಕಿನ ಅರ್ಜಿಗೆ ತಯಾರಿ ನಡೆದಿದೆ. ಹೆಂಗಸರ ಹೆಸರೂ ಇರಲಿ, ಗೆಡ್ಡೆ, ನೆಲ್ಲಿ ಸಿಗುವ ಜಾಗವೂ ಸೇರಲಿ ಎಂದೆವು. 'ಮೊದಲು ಭೂಮಿ ಕೈಗೆ ಬರಲಿ. ಹೆಣ್ಣು-ಗಂಡು, ಕಾಡು ಉಳಿಸೋದು ಎಲ್ಲ ಆಮೇಲೆ' ಅಂತಾರೆ ಮುಖಂಡರು. ಮೂರನ್ನೂ ಒಟ್ಟಿಗೆ ಕೇಳುವುದು ತಪ್ಪೇ?"

ತಪ್ಪಲ್ಲ. 'ಆಮೇಲೆ' ಅಂದರೆ ಯಾವಾಗ ಎಂದು ಅವರನ್ನೇ ಕೇಳಿ. 2006ರ ಅರಣ್ಯ ಹಕ್ಕು ಕಾಯ್ದೆ ಈ ಮೂರನ್ನೂ ಒಂದೇ ಕಡತದಲ್ಲಿ ಇಟ್ಟಿದೆ. ಬಿಡಿಬಿಡಿಯಾಗಿ ಕೇಳಿದರೆ ಅರ್ಜಿಯೇ ಸೊರಗುತ್ತದೆ.

ಸಾಗುವಳಿ ಜಮೀನಿನ ವಿಚಾರ ಬೇಗ ಮುಗಿಸೋಣ. ಮದುವೆಯಾದವರ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು, ಒಂಟಿಯಾಗಿ ಮನೆ ನಡೆಸುವವಳಿಗೆ ಅವಳ ಹೆಸರಿನಲ್ಲೇ ಆಗಬೇಕು ಎನ್ನುತ್ತದೆ 4(4)ನೇ ಕಲಂ. ಎಡವುವುದು ಜಮೀನಿನ ಹಕ್ಕಿಗೆ ಕೊಡುವ ಅರ್ಜಿ, ಅಂದರೆ ನಮೂನೆ 'ಎ' ತುಂಬುವಾಗ. ಅರ್ಜಿದಾರರ ಹೆಸರಿಗೊಂದು ಸಾಲು, ಗಂಡ ಅಥವಾ ಹೆಂಡತಿಯ ಹೆಸರಿಗೆ ಇನ್ನೊಂದು ಸಾಲು ಇದೆ. ಆ ಎರಡನೆಯ ಸಾಲು ಖಾಲಿ ಬಿಟ್ಟರೆ ಹಕ್ಕುಪತ್ರದಲ್ಲಿ ಒಂದೇ ಹೆಸರು ಬಂದು ಕೂರುತ್ತದೆ. ಹಕ್ಕುಪತ್ರ ಬಂದ ಮೇಲೆ ಪಹಣಿಯಲ್ಲಿ ಎರಡೂ ಹೆಸರು ಏರಿದೆಯೇ ನೋಡಿ. ದಾಖಲೆಗೆ ಸೇರಿಸಲು ನಿಯಮ ಕೊಡುವುದು ಹೆಚ್ಚೆಂದರೆ 3 ತಿಂಗಳು.

ಇನ್ನು ಗ್ರಾಮಸಭೆ. ಇದು ಪಂಚಾಯಿತಿ ಕಚೇರಿಯಲ್ಲಿ ಹತ್ತಾರು ಊರು ಸೇರಿಸಿ ಮಾಡುವ ಸಭೆಯಲ್ಲ, ಪೋಡಿನಲ್ಲೇ ಕೂರುವ ಸಭೆ. 2012ರ ತಿದ್ದುಪಡಿಯಂತೆ ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಾಗಿರಬೇಕು. 120 ವಯಸ್ಕರಿರುವ ಪೋಡಿಗೆ 60 ಜನ, ಅವರಲ್ಲಿ ಕನಿಷ್ಠ 20 ಹೆಂಗಸರು ಎಂದಾಯಿತು. ಹಕ್ಕು ಕೇಳಿದವರ ಬಗ್ಗೆ ಠರಾವು ಮಾಡುವ ದಿನ ಅವರಲ್ಲಿ ಅರ್ಧ ಜನವಾದರೂ ಅಥವಾ ಅವರ ಪ್ರತಿನಿಧಿಗಳಾದರೂ ಇರಬೇಕು. ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ಹೊತ್ತು ಹೆಂಗಸರ ಹೆಬ್ಬೆಟ್ಟು ಒತ್ತಿಸುವ ಚಾಳಿ ಬೇಡವೇ ಬೇಡ. ಯಾರಾದರೂ ತಕರಾರು ತೆಗೆದರೆ ಠರಾವೇ ಬಿದ್ದುಹೋಗಬಹುದು. ಎಷ್ಟು ಹೆಂಗಸರಿದ್ದರು ಎಂಬುದನ್ನು ನಡಾವಳಿಯ ಮೊದಲ ಸಾಲಿನಲ್ಲೇ ಬರೆಸಿ. ಕೂಲಿಗೆ ಹೋಗುವ ಹೊತ್ತಿನಲ್ಲಿ ಸಭೆ ಇಟ್ಟು 'ಹೆಂಗಸರು ಬರಲ್ಲ' ಎಂದು ದೂರುವವರಿಗೆ ಏನು ಹೇಳೋಣ?

ಅಸಲಿ ವಿಚಾರ ಪೋಡಿನವರೆಲ್ಲ ಬಳಸುವ ಕಾಡಿನ ನಕ್ಷೆಯದು. 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಆದರೆ ಗಡಿ ಗುರುತಿಸಲು ಹೊರಡುವಾಗ ಅವರನ್ನು ಅಡುಗೆಗೆ ಬಿಟ್ಟು ಹೋದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಗಂಡಸರಷ್ಟೇ ಸುತ್ತಿದರೆ ಜೇನುಬಂಡೆ, ಗುಡಿ, ದನದ ದಾರಿ ನಕ್ಷೆಗೆ ಬರುತ್ತವೆ. ನೂರೆ ಗೆಡ್ಡೆ ಅಗೆಯುವ ಇಳಿಜಾರು, ಸೊಪ್ಪು ಕೀಳುವ ಹಳ್ಳದಂಚು, ಬೇಸಿಗೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬತ್ತುವ ಒರತೆ ಬಿಟ್ಟುಹೋಗುತ್ತವೆ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿಕೊಳ್ಳುವುದು ಸುಲಭವಲ್ಲ. ಸಮುದಾಯ ಹಕ್ಕಿಗೆ 13ನೇ ನಿಯಮ ಒಪ್ಪುವ ಪುರಾವೆಯಲ್ಲಿ ಗೆಡ್ಡೆಗೆಣಸು, ಮೇವು, ಕಾಡುಹಣ್ಣು ಸಿಗುವ ಜಾಗಗಳೂ ನೀರಿನ ಮೂಲಗಳೂ ಸೇರಿವೆ. ಹೆಂಗಸರ ತಲೆಯಲ್ಲಿರುವುದೇ ಇಲ್ಲಿ ದಾಖಲೆ. ಎರಡು ಸಲ ಸುತ್ತಿ: ಮಳೆಗಾಲದಲ್ಲಿ ಒಮ್ಮೆ, ಏಕೆಂದರೆ ಒಣಗಾಲಕ್ಕೆ ನೂರೆಯ ಬಳ್ಳಿ ಬಾಡಿ ಜಾಗವೇ ತಿಳಿಯುವುದಿಲ್ಲ; ಮಾರ್ಚ್-ಏಪ್ರಿಲ್‌ನಲ್ಲಿ ಇನ್ನೊಮ್ಮೆ, ನೀರಿಗಾಗಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಪುರಾವೆ. ಅಜ್ಜಿಯರನ್ನು ಬಿಡಬೇಡಿ.

ಕಾಡಿನ ಮಾತು ಬೇರೆ ಎನ್ನುವವರಿಗೆ ನಿಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ತೋರಿಸಿ. ಒಣಗಾಲದ ಶುರುವಿನಲ್ಲಿ ಸೋಲಿಗರು ಹಾಕುತ್ತಿದ್ದ ತರಗು ಬೆಂಕಿ (ನೆಲದ ಒಣ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ) ನಿಂತ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಏರಿತು ಎನ್ನುವುದು ಅವರ ವಾದ. ಲಂಟಾನದ ಪೊದೆಗೆ ಹಾರೆ ಹಾಕಿ ಗೆಡ್ಡೆ ತೆಗೆಯಲಾಗದು. ಉಪ್ಪಿಲು ಹಿಡಿದ ಮರದಲ್ಲಿ ಕಾಯಿ ಕಡಿಮೆ. ಕಾಡಿನ ಉತ್ಪನ್ನ ಕೊಳ್ಳುವ ಗಿರಿಜನರ ಸಹಕಾರ ಸಂಘದ (ಲ್ಯಾಂಪ್ಸ್) ತಕ್ಕಡಿಯಲ್ಲಿ ತೂಕ ಇಳಿದರೆ ಹೆಂಗಸಿನ ಕೈಗೆ ಬರುವ ಕಾಸೂ ಇಳಿಯುತ್ತದೆ. ಇಲ್ಲಿ ಯಾವುದು ಪರಿಸರ, ಯಾವುದು ಕೂಲಿ? ಹುಲಿ ಮೀಸಲು ಪ್ರದೇಶದೊಳಗಿದ್ದರೂ 2011ರಲ್ಲಿ ಅಲ್ಲಿನ ಸೋಲಿಗರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಕಾಡು ಕಾಯುವ ಅಧಿಕಾರವನ್ನು 5ನೇ ಕಲಂ ಗ್ರಾಮಸಭೆಗೆ ಕೊಡುತ್ತದೆ. ಅದಕ್ಕಾಗಿ ಗ್ರಾಮಸಭೆ ರಚಿಸುವ ಸಮಿತಿಯೇ ಕಿರು ಅರಣ್ಯ ಉತ್ಪನ್ನದ ಸಾಗಣೆ ರಹದಾರಿಯನ್ನೂ ಕೊಡಬಹುದು. ಈ ಸಮಿತಿಯಲ್ಲಿ ಹೆಂಗಸರಿಲ್ಲದಿದ್ದರೆ ಮಾರಾಟದ ಲೆಕ್ಕವೂ ಅವರ ಕೈತಪ್ಪುತ್ತದೆ. ಮೊದಲೇ ಗಟ್ಟಿಯಾಗಿ ಕೇಳಿ.

ಗ್ರಾಮಸಭೆಗೆ ಬೆಲೆಯಿಲ್ಲ ಎಂದು ಯಾರಾದರೂ ನಕ್ಕರೆ, 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದು ಠರಾವು ಮಾಡಿದ್ದನ್ನು ನೆನಪಿಸಿ.

ಸಮುದಾಯ ಅರಣ್ಯ ಸಂಪನ್ಮೂಲಕ್ಕೆ, ಅಂದರೆ ಪೋಡಿನವರು ಹಿಂದಿನಿಂದ ಬಳಸಿ ಕಾಯುತ್ತ ಬಂದ ಕಾಡಿಗೆ, ಅರ್ಜಿ ನಮೂನೆ 'ಸಿ'. ಅದಕ್ಕೆ ನಕ್ಷೆ ಲಗತ್ತಿಸಿ, ಗಡಿಗೆ ತಾಗಿದ ಪೋಡುಗಳ ಹೆಸರು ಬರೆಯಿರಿ. ಆ ಪೋಡಿನವರೊಡನೆ ಮೊದಲೇ ಕೂತು ಮಾತಾಡಿಕೊಳ್ಳಿ. ಒರತೆ ಯಾರದೆಂಬ ಜಗಳ ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯ ಮುಂದೆ ಎದ್ದರೆ ಇಬ್ಬರ ಅರ್ಜಿಯೂ ಕೂತುಬಿಡುತ್ತದೆ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಿ ಪಡೆಯಿರಿ. ಮೇಲ್ಮನವಿಗೆ ಇರುವುದು 60 ದಿನ.