ಹಿಮಾಲಯದ ರೂಪಿನ್ ಪಾಸ್ ಟ್ರೆಕ್, ಮೇ ತಿಂಗಳು: ಗೈಡ್ 3 ಗಂಟೆಗೇ ಯಾಕೆ ಎಬ್ಬಿಸ್ತಾನೆ

“ಹಿಮ ಬಿದ್ದು ಹತ್ತು ದಿನ ಆಯ್ತು, ಬಿಸಿಲೂ ಚೆನ್ನಾಗಿದೆ, ಈಗ ಹಿಮಕುಸಿತ ಎಲ್ಲಿಂದ? 6ಕ್ಕೆ ಹೊರಟರೆ ಸಾಲದಾ?” ಅಂತ ಕೇಳಿದ್ದೀರಿ. ಸಾಲದು, ರಾತ್ರಿ ಗಟ್ಟಿಯಾದ ಹಿಮ ಬಿಸಿಲಿಗೆ ಸಡಿಲವಾಗೋ ಮೊದಲೇ ದಾಟಿರಬೇಕು. (ನಮ್ಮ ಪೇಪರ್‌ಗಳು ಹಿಮ ಬೀಳೋದಕ್ಕೂ ಹಿಮ ಜಾರೋದಕ್ಕೂ “ಹಿಮಪಾತ” ಅಂತಲೇ ಬರೆಯೋದರಿಂದ ಈ ಗೊಂದಲ ಮಾಮೂಲು.)

ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನದ ಅಪಾಯ ಬೇರೆ, ಇದು ಬೇರೆ. ಇಲ್ಲಿ ಶತ್ರು ನೀರು. ಮೇಲ್ಪದರ ಕರಗಿದ ನೀರು ಒಳಗಿಳಿದು ಹಿಮದ ಕಣಗಳ ನಡುವಿನ ಬೆಸುಗೆ ಬಿಡಿಸುತ್ತೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ರಾಶಿ ತನ್ನ ಭಾರಕ್ಕೇ ಜಾರುತ್ತೆ. ಒಣ ಹಿಮದಷ್ಟು ವೇಗ ಇರಲ್ಲ, ಆದರೆ ನಿಂತ ತಕ್ಷಣ ಕಾಂಕ್ರೀಟಿನ ಹಾಗೆ ಗಟ್ಟಿಯಾಗುತ್ತೆ. ಕೈಯಲ್ಲಿ ತೋಡೋಕಾಗಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಹಿಮ ಮತ್ತೆ ಹೆಪ್ಪುಗಟ್ಟಿತಾ? ನಕ್ಷತ್ರ ಕಂಡರೆ ಒಳ್ಳೇದು, ಮೇಲ್ಮೈ ಶಾಖ ಆಕಾಶಕ್ಕೆ ಹೋಗಿ ಗಟ್ಟಿಯಾಗುತ್ತೆ. ಮೋಡ ಕವಿದಿದ್ದರೆ ಚಳಿ ಅನಿಸಿದರೂ ನಂಬಬೇಡಿ. ಮಳೆ ಹನಿದಿದ್ದರಂತೂ ಅವತ್ತು ಟೆಂಟಲ್ಲೇ ಇರಿ. ಟೆಂಟಿಂದ ಹೊರಬಂದು ಕೋಲು ಚುಚ್ಚಿ. ತುದಿ ಒಳಗೇ ಹೋಗದಿದ್ದರೆ ಸರಿ. ಎರಡು ಬೆರಳಿನಷ್ಟು ಹೊರಪದರ ಒಡೆದು ಕೆಳಗೆ ಮೆತ್ತಗಿದ್ದರೆ, ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಆ ಪದರ ಹೋಗುತ್ತೆ. ಒಂದು ಹಿಡಿ ಹಿಮ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಆಟ ಮುಗೀತು.

ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತೆ, ಆಮೇಲೆ ದಕ್ಷಿಣ, ಮಧ್ಯಾಹ್ನ ಪಶ್ಚಿಮ. ನೀವು ಹತ್ತುವ ಗಲ್ಲಿಯಲ್ಲಿ (ಬಂಡೆಗಳ ನಡುವಿನ ಕಡಿದಾದ, ಹಿಮ ತುಂಬಿದ ಕೊರಕಲು) ನೆರಳಿದ್ದರೂ ಅದರ ತಲೆಯ ಮೇಲಿನ ಬಂಡೆಗೆ ಬಿಸಿಲು ಬಿದ್ದಿರಬಹುದು. ಮೇಲಿಂದ ಸಣ್ಣ ಸಣ್ಣ ಹಿಮದುಂಡೆ ಉರುಳಿ ಬರ್ತಿದ್ದರೆ ಅದೇ ಎಚ್ಚರಿಕೆ. ಬೂಟು ಹಿಮ್ಮಡಿ ದಾಟಿ ಹೂತರೆ ಅಲ್ಲಿಗೆ ನಿಲ್ಲಿಸಿ.

ಗಲ್ಲಿಯಲ್ಲಿ ಸಾಲುಗಟ್ಟಿ ನಡೆಯಬೇಡಿ, ಮಧ್ಯೆ 30 ಮೀಟರಾದರೂ ಇರಲಿ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ಕೋಲಿನ ಪಟ್ಟಿಯಿಂದ ಮಣಿಕಟ್ಟು ತೆಗೆಯಿರಿ. ಸಿಕ್ಕಿಬಿದ್ದಾಗ ಅವೇ ಕೆಳಗೆಳೆಯೋದು. ನೀರು ಕುಡಿಯೋದು, ಫೋಟೋ ಎಲ್ಲ ಪಕ್ಕದ ಬಂಡೆಯ ಏಣಿನ ಮೇಲೆ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ ಏಳು ಪ್ರವಾಸಿಗರು ಸತ್ತಿದ್ದು ನೆನಪಿರಲಿ. ರಸ್ತೆ ಹತ್ತಿರ ಇದೆ ಅಂದ ಮಾತ್ರಕ್ಕೆ ಹಿಮ ಸುಮ್ಮನಿರಲ್ಲ.

ಬೀಕನ್ (ಹೂತವರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ತೋರಿಸೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕೋ ಉದ್ದ ಕಡ್ಡಿ), ಸಲಿಕೆ ಕೊಡ್ತಾರಾ ಅಂತ ಮೊದಲೇ ಕೇಳಿ. ಮೂರೂ ಇದ್ದರಷ್ಟೇ ಉಪಯೋಗ, ಅದೂ ಎಲ್ಲರ ಹತ್ತಿರ. ಹೂತವರನ್ನು ಮೊದಲ 10–15 ನಿಮಿಷದಲ್ಲಿ ತೆಗೆಯಬೇಕು. ಕೆಳಗಿನಿಂದ ಸಹಾಯ ಬರುವ ಲೆಕ್ಕ ಇಲ್ಲಿ ಹಾಕಬೇಡಿ. ಚಂಡೀಗಢದ ಡಿಜಿಆರ್‌ಇ (ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ) ಹಿಮಕುಸಿತದ ಎಚ್ಚರಿಕೆ ಕೊಡುತ್ತೆ, ನೋಡಿ, ಆದರೆ ಅದು ಇಡೀ ಜಿಲ್ಲೆಗೆ, ನಿಮ್ಮ ಗಲ್ಲಿಗಲ್ಲ.

ತೀರ್ಮಾನ ಗಲ್ಲಿಯ ಬುಡದಲ್ಲೇ ಆಗಬೇಕು. ಅರ್ಧ ಹತ್ತಿದ ಮೇಲೆ ವಾಪಸ್ ಬರೋದೂ ಅದೇ ಕರಗಿದ ಹಿಮದ ಮೇಲೇ. ಬುಡದಲ್ಲೇ ಬೂಟು ಹೂತರೆ ಕ್ಯಾಂಪಿಗೆ ತಿರುಗಿ, ಮರುದಿನ ನೋಡಿ. ಅದಕ್ಕೇ ಬೆಂಗಳೂರಿನ ವಾಪಸ್ ಟಿಕೆಟ್ ಒಂದು ದಿನ ತಡವಾಗಿ ಬುಕ್ ಮಾಡಿ.